ಲ್ಯಾಪ್‌ಟಾಪಿನ ಹಣೆಬೊಟ್ಟು

ಒದ್ದೆ ಬಟ್ಟೆಯ ಒಂದು ತುದಿಯಿಂದ ಮುಗಿಯುತ್ತಿದ್ದ ಕೆಲಸಕ್ಕೆ ನಾನು ಒಂಬತ್ತು ದಿನ ಕೂತು ಪ್ರೋಗ್ರಾಂ ಬರೆದೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ನಾನು ಹೇಳದಿದ್ದರೂ ಇದು ನಿಮಗೆ ಗೊತ್ತಾಗದೆ ಇರುವುದಿಲ್ಲ. ಸಾಮಾನ್ಯವಾಗಿ ಮನುಷ್ಯನ ಪೆದ್ದತನ ಮನೆಯೊಳಗೇ ಮುಗಿಯುತ್ತದೆ. ಸ್ವಲ್ಪ ದೊಡ್ಡದಾದರೆ ಕೊಪ್ಪದ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಎರಡು ದಿನ ಕಾಫಿಯ ಜೊತೆ ನೆಂಚಿಕೊಳ್ಳಲು ಬಳಕೆಯಾಗಿ, ಮೂರನೆಯ ದಿನ ಇನ್ನೊಬ್ಬನದು ಬಂದಾಗ ಮರೆತುಹೋಗುತ್ತದೆ. ನನ್ನದು ಹಾಗಲ್ಲ. ಅದು ಇಂಗ್ಲಿಷಿನಲ್ಲಿ, ನನ್ನ ಪೂರ್ತಿ ಹೆಸರಿನ ಸಮೇತ, ಕಂಪ್ಯೂಟರನ್ನು ನಡೆಸುವ ಲಿನಕ್ಸ್‌ನ ತಿರುಳನ್ನು, ಅಂದರೆ ಕರ್ನೆಲ್ಲನ್ನು, ಬರೆಯುವವರು ಲೋಕಕ್ಕೆಲ್ಲ ಕಾಣುವ ಹಾಗೆ ಪತ್ರ ಬರೆದುಕೊಳ್ಳುವ ಮೇಲಿಂಗ್ ಲಿಸ್ಟಿನಲ್ಲಿ ದಾಖಲಾಗಿದೆ. ಅಲ್ಲಿ ಬರೆದದ್ದನ್ನು ಅಳಿಸುವ ಪದ್ಧತಿಯೇ ಇಲ್ಲ. ಕಲ್ಲಿನ ಶಾಸನಕ್ಕಾದರೂ ಪಾಚಿ ಕಟ್ಟಿ ಅಕ್ಷರ ಮುಚ್ಚಿಹೋಗುತ್ತದೆ. ಇದಕ್ಕೆ ಆ ಭಾಗ್ಯವೂ ಇಲ್ಲ.

ನನ್ನದು ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು. ನವರಾತ್ರಿಗೆ ತಿಂಗಳು ಮುಂಚೆ ಕಮ್ಮರಡಿಯ ಜಲಜಕ್ಕ ಒಂದು ಹಳೆಯ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ಜ್ವರ ಬಂದ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು. ಅವರ ಗಂಡ ಶೀನಣ್ಣ ಶೃಂಗೇರಿ, ಕೊಪ್ಪ, ಎನ್.ಆರ್. ಪುರ ಎಂದು ಓಡಾಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಶೀನಣ್ಣನ ಬಸ್ಸಿನಲ್ಲಿ ಟಿಕೆಟ್ಟಿನ ಜೊತೆ ಪ್ರತಿಯೊಬ್ಬರಿಗೂ ಒಂದು ಮಾತು ಉಚಿತ. ನಾನು ಕಾಲೇಜಿಗೆ ಹೋಗುತ್ತಿದ್ದ ಮೂರು ವರ್ಷವೂ ಬಾಗಿಲಲ್ಲಿ ನೇತಾಡುತ್ತಿದ್ದೆ; ಮೂರು ವರ್ಷವೂ ಅವರು, "ಏ ಕಂಪ್ಯೂಟರ್, ಒಳಗೆ ಹೋಗಾ! ಬಾಗಿಲಲ್ಲಿ ನಿಂತ್ಕಂಡು ನನ್ನ ಬಸ್ಸಿಗೆ ದೃಷ್ಟಿಬೊಟ್ಟು ಆಗ್ಬೇಡ ಮಾರಾಯ" ಎನ್ನುತ್ತಿದ್ದರು. ಇಡೀ ಬಸ್ಸು ನಗುತ್ತಿತ್ತು. ಬಸ್ಸಿನಲ್ಲಿದ್ದ ಹುಡುಗಿಯರೂ ನಗುತ್ತಿದ್ದರು ಎಂಬುದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆ ಬಾಯಿ ಈಗ ನಿಂತುಹೋಗಿತ್ತು. ಲಕ್ವ ಹೊಡೆದು ಬಲಗೈ ಅರ್ಧ ಉಳಿದಿತ್ತು, ಮಾತು ಪೂರ್ತಿ ಹೋಗಿತ್ತು. ಏನು ಹೇಳಹೊರಟರೂ "ಕ... ಕ..." ಎಂದಷ್ಟೇ ಬರುತ್ತಿತ್ತು. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ವಾರಕ್ಕೆ ಮೂರು ಸಲ ಘಟ್ಟ ಇಳಿಯುವುದು ಆಗದ ಮಾತು ಎಂದು ಅವರೇ ವಿಡಿಯೋದಲ್ಲಿ ಪಾಠ ಮಾಡುತ್ತಿದ್ದರು. ಈ ಮೊದಲ ಕೆಲವು ತಿಂಗಳೇ ಮುಖ್ಯ, ಆಮೇಲೆ ಕಷ್ಟ ಎಂದೂ ಹೇಳಿದ್ದರು. ಆದರೆ ಮೇಡಂಗೆ ಶೀನಣ್ಣನ ತುಟಿ ಕಾಣಬೇಕು, ಶೀನಣ್ಣನಿಗೆ ಮೇಡಂ ತುಟಿ ದೊಡ್ಡದಾಗಿ ಕಾಣಬೇಕು. ಜಲಜಕ್ಕ ಮೊಬೈಲು ಹಿಡಿದು ನಿಂತರೆ ಐದು ನಿಮಿಷಕ್ಕೆ ಕೈ ಸೋಲುತ್ತಿತ್ತು.

"ನಿನ್ನೆ ಮೇಡಂ ಅರ್ಧ ಗಂಟೆ ಗೋಡೆ ಮೇಲಿನ ಕ್ಯಾಲೆಂಡರಿಗೆ ಪಾಠ ಹೇಳಿದ್ರು ಕಣಾ ಸುಧಿ" ಎಂದರು ಜಲಜಕ್ಕ. "ಅದಕ್ಕೆ ಮಾತು ಬಂದ್ರೂ ಬರ್ಬಹುದು. ಇವ್ರಿಗೆ ಬರ್ಲಿಲ್ಲ."

ಯಾರೋ ನೆಂಟರು ಕೊಟ್ಟ ಲ್ಯಾಪ್‌ಟಾಪಿನ ಡಿಸ್ಕು ಸತ್ತಿತ್ತು. ನಾನು ಹೊಸದು ಹಾಕಿ, ಲಿನಕ್ಸ್ ತುಂಬಿ, ಎದೆ ಉಬ್ಬಿಸಿ, "ನಾಳೆ ಬನ್ನಿ ಜಲಜಕ್ಕ" ಎಂದೆ. ನಾಳೆ ಅವರು ಬಂದರು. ಕ್ಯಾಮೆರಾ ಬರಲಿಲ್ಲ. ಹೊರಗಿನಿಂದ ಸಿಕ್ಕಿಸುವ ಕ್ಯಾಮೆರಾ ಕೊಟ್ಟು ಕಳಿಸಿದೆ. ಶೀನಣ್ಣನ ಹಿಡಿತವಿಲ್ಲದ ಬಲಗೈ ಎರಡನೆಯ ದಿನವೇ ಅದರ ವೈರನ್ನು ಎಳೆದು, ಕ್ಯಾಮೆರಾ ನೆಲಕ್ಕೆ ಬಿದ್ದು ಎರಡಾಯಿತು. ಲ್ಯಾಪ್‌ಟಾಪು ಟವೆಲಿನ ಸಮೇತ ವಾಪಸು ಬಂತು. ಒಳಗಿನ ಕ್ಯಾಮೆರಾವನ್ನೇ ಎಬ್ಬಿಸಬೇಕು.

ಸಮಸ್ಯೆಯನ್ನು ಜಲಜಕ್ಕನಿಗೆ ಅವರದೇ ಭಾಷೆಯಲ್ಲಿ ಹೇಳಿದೆ. "ಕರ್ನೆಲ್ ಅಂದ್ರೆ ಬಸ್ಸು ಅಂತ ಇಟ್ಕೊಳ್ಳಿ. ಕ್ಯಾಮೆರಾ ಒಂದು ಸ್ಟಾಪಿನಲ್ಲಿ ಕೈ ಅಡ್ಡ ಹಾಕಿ ನಿಂತಿದೆ. ಅಲ್ಲೊಂದು ಸ್ಟಾಪ್ ಉಂಟು ಅಂತ್ಲೇ ಬಸ್ಸಿಗೆ ಗೊತ್ತಿಲ್ಲ. ನಾನು ಅದನ್ನ ಬರೆದು ತಿಳಿಸ್ಬೇಕು."

"ಬರಿ ಮತ್ತೆ. ನಿಂತಿದ್ದು ಎಷ್ಟು ಹೊತ್ತು ಅಂತ ನಿಲ್ತದೆ?"

ಅಲ್ಲಿಯವರೆಗೆ ಕರ್ನೆಲ್‌ಗೆ ನನ್ನ ಕೊಡುಗೆ ಎಂದರೆ ಅದನ್ನು ಬಯ್ದದ್ದು ಮಾತ್ರ. ಇದೇ ಜಾತಿಯ ಬೇರೆ ಕ್ಯಾಮೆರಾಗಳಿಗೆ ಯಾರ್ಯಾರೋ ಬರೆದಿಟ್ಟ ಡ್ರೈವರುಗಳನ್ನು, ಅಂದರೆ ಕ್ಯಾಮೆರಾ ನಡೆಸುವ ಪ್ರೋಗ್ರಾಮುಗಳನ್ನು, ಎದುರಿಗಿಟ್ಟುಕೊಂಡು, ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ತೆರೆದು, ಬರೆಯತೊಡಗಿದೆ. ಈ ಕ್ಯಾಮೆರಾದ ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಮಹಾ ಶಿಸ್ತಿನ ಪ್ರಾಣಿ. ಮೊದಲು ಕರೆಂಟು ಕೊಡಬೇಕು, ಆಮೇಲೆ ಗಡಿಯಾರದ ಮಿಡಿತ ಕೊಡಬೇಕು, ಆಮೇಲೆ ತಟ್ಟಿ ಎಬ್ಬಿಸಬೇಕು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಈ ಸುಮ್ಮನಿರುವುದು ನನಗೆ ಹುಟ್ಟಿನಿಂದಲೇ ಬಂದಿಲ್ಲ. ಅವಸರಪಟ್ಟಾಗಲೆಲ್ಲ ಲ್ಯಾಪ್‌ಟಾಪು ಮೂರ್ಛೆ ಹೋಗುತ್ತಿತ್ತು. ಕೊನೆಗೆ ಆಯುಧಪೂಜೆಯ ಹಿಂದಿನ ದಿನ ಸೆನ್ಸರ್ ಎದ್ದು ತನ್ನ ಗುರುತಿನ ಸಂಖ್ಯೆ ಹೇಳಿತು. ಚಿತ್ರ ಇನ್ನೂ ಇಲ್ಲ, ಬರೀ ಒಂದು ಸಂಖ್ಯೆ. ನಾನು ಹಾಕಿದ ಕೂಗಿಗೆ ಪಕ್ಕದ ಬೇಕರಿಯ ಗೋಪಾಲಣ್ಣ ಒಣ ಕೋಲು ಹಿಡಿದು ಓಡಿಬಂದರು. "ಶಾಕ್ ಹೊಡೀತನಾ? ಮುಟ್ಬೇಡ, ಕೋಲು ಹಿಡ್ಕ, ಕೋಲು ಹಿಡ್ಕ!"

ಆ ಖುಷಿಯೇ ನನ್ನನ್ನು ಹಾಳು ಮಾಡಿತು. ಮರುದಿನ ಪೂಜೆಯಲ್ಲಿ ಸ್ಕ್ರೂಡ್ರೈವರು, ಮೌಸು, ಸ್ವಿಚ್‌ಬೋರ್ಡು, ಗೋಪಾಲಣ್ಣನ ಕೋಲು, ಎಲ್ಲಕ್ಕೂ ಕುಂಕುಮ ಇಟ್ಟೆ. ಶೀನಣ್ಣನ ಲ್ಯಾಪ್‌ಟಾಪಿನ ಮುಂದೆ ಬಂದಾಗ ಭಕ್ತಿ ಉಕ್ಕಿ ಬಂತು. ಮುಚ್ಚಳದ ಮೇಲೆ ಇಡಬಹುದಿತ್ತು. ಇಲ್ಲ, ಇಷ್ಟು ಚೆನ್ನಾಗಿ ನಡೆದುಕೊಂಡ ಯಂತ್ರಕ್ಕೆ ಮುಖ ತೆರೆದೇ ಇಡಬೇಕು ಎಂದು ಮುಚ್ಚಳ ಎತ್ತಿ, ಉಂಗುರದ ಬೆರಳಲ್ಲಿ ಒದ್ದೆ ಕುಂಕುಮ ತೆಗೆದು, ಪರದೆಯ ಮೇಲಂಚಿನ ನಟ್ಟನಡುವೆ, ಹಣೆ ಇರಬೇಕಾದ ಜಾಗದಲ್ಲಿ ದೊಡ್ಡದೊಂದು ಬೊಟ್ಟು ಇಟ್ಟೆ. ವಾರಗಟ್ಟಲೆ ಯಾವ ಕಣ್ಣನ್ನು ತೆರೆಸಲು ಒದ್ದಾಡುತ್ತಿದ್ದೆನೋ ಆ ಕಣ್ಣು ಅಲ್ಲೇ ಇತ್ತು.

ಇನ್ನೆರಡು ದಿನದಲ್ಲಿ ಚಿತ್ರ ಬಂತು. ಪೂರ್ತಿ ಕೆಂಪು. ಕಡುಗೆಂಪು ಮಬ್ಬಿನಲ್ಲಿ ಏನೋ ಒಂದು ಅಲುಗಾಡುತ್ತಿತ್ತು, ವಿಚಾರಿಸಿದರೆ ಅದು ನಾನೇ. ಹೊಸ ಡ್ರೈವರಿನಲ್ಲಿ ಬಣ್ಣ ಹದ ತಪ್ಪುವುದು ಮಾಮೂಲು, ಹಾಗಾಗಿ ಲೆಕ್ಕದಲ್ಲೇ ತಪ್ಪಿದೆ ಎಂದು ನಂಬಿ ಒಂಬತ್ತು ದಿನ ಕೆಂಪನ್ನು ತಗ್ಗಿಸುತ್ತಾ ಕೂತೆ. ಬೊಟ್ಟು ಕಣ್ಣಿಗೆ ಬೀಳಲಿಲ್ಲವೇ ಎಂದು ನೀವು ಕೇಳಬಹುದು. ಅಂಗಡಿಯಲ್ಲಿ ಬೊಟ್ಟಿಲ್ಲದ ವಸ್ತು ಇದ್ದದ್ದು ನಾನೊಬ್ಬನೇ. ಅಂಥಲ್ಲಿ ಒಂದು ಬೊಟ್ಟು ಕಾಣುವುದು ಹೇಗೆ? ಪೂಜೆಯ ಕುಂಕುಮ ಕೈಯಾರೆ ಒರೆಸಬಾರದು, ತಾನಾಗಿ ಉದುರಬೇಕು ಎಂದು ನಮ್ಮ ಅಮ್ಮ ಕಲಿಸಿದ್ದಾರೆ. ಹಾಗಾಗಿ ದಿನಾ ಬೆಳಿಗ್ಗೆ ಪರದೆ ಒರೆಸುವಾಗ ಬೊಟ್ಟಿನ ಸುತ್ತ ಪ್ರದಕ್ಷಿಣೆ ಹಾಕಿ ಜಾಗ್ರತೆಯಾಗಿ ಒರೆಸುತ್ತಿದ್ದೆ.

ಜಲಜಕ್ಕ ಬಂದು ಪರದೆಯಲ್ಲಿ ನನ್ನನ್ನು ನೋಡಿದರು. "ಇದೆಂತ ಮಾರಾಯ, ಸಿಟ್ಟು ಬಂದ ಭೂತದಂಗೆ ಕಾಣ್ತಿ. ಇದ್ರಲ್ಲಿ ತುಟಿ ಯಾವ್ದು, ಮೂಗು ಯಾವ್ದು?" ಎಂದರು. ಆಮೇಲೆ ದನಿ ತಗ್ಗಿಸಿ, "ಅವ್ರು ಈಗೀಗ ಕ ಕ ಅನ್ನೋದೂ ಕಮ್ಮಿ ಮಾಡಿದಾರೆ, ಸುಧಿ. ಸುಮ್ನೆ ಕೂತಿರ್ತಾರೆ" ಎಂದರು.

ಆ ಮಾತು ಕೇಳಿದ ದಿನವೇ, ಉಳಿದ ಕೆಂಪನ್ನು ಬಲ್ಲವರಾದರೂ ತೆಗೆದಾರು ಎಂದು ಕೂತೆ. ಬರೆದದ್ದನ್ನೆಲ್ಲ ಒಟ್ಟು ಮಾಡಿ, "ಈ ಸೆನ್ಸರಿಗೆ ಹುಟ್ಟಿನಿಂದಲೇ ಕೆಂಪಿನ ದೋಷವಿದೆ, ನಾನು ಪರಿಹಾರ ಕಂಡುಹಿಡಿದಿದ್ದೇನೆ" ಎಂದು ಘನವಾಗಿ ಬರೆದು ಮೇಲಿಂಗ್ ಲಿಸ್ಟಿಗೆ ಕಳಿಸಿದೆ. ಅಲ್ಲಿರುವವರು ಮದುವೆಮನೆಯ ಹಿರಿಯ ಅಡುಗೆಯವರ ಥರ: ಸಾರಿನ ಸೌಟು ಮೂಸಿಯೇ ಉಪ್ಪು ಹೇಳುತ್ತಾರೆ. ಹಿಮ ಬೀಳುವ ಯಾವುದೋ ದೇಶದ ಹಿರಿಯರೊಬ್ಬರು ಉತ್ತರಿಸಿದರು. ಉಳಿದ ಕೋಡ್ ಚೆನ್ನಾಗಿದೆ; ಆದರೆ ಇಷ್ಟೊಂದು ಕೆಂಪು ಕಡಿಮೆ ಮಾಡಬೇಕಾದ ಸೆನ್ಸರನ್ನು ನಾನು ಈವರೆಗೆ ನೋಡಿಲ್ಲ; ದಯವಿಟ್ಟು ಲೆನ್ಸಿನ ಒಂದು ಹತ್ತಿರದ ಫೋಟೋ ಕಳಿಸುತ್ತೀರಾ?

ಕಳಿಸಿ ಇವರ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದೆ. ಲೆನ್ಸು ಇರಬೇಕಾದ ಜಾಗದಲ್ಲಿ ಗುಂಡಗೆ, ಕೆಂಪಗೆ, ಮಂಗಳಕರವಾಗಿ ನನ್ನ ಭಕ್ತಿ ಇತ್ತು.

ಮನಸ್ಸಿನಲ್ಲೇ ಅಮ್ಮನ ಕ್ಷಮೆ ಕೇಳಿ, ಬಟ್ಟೆಯ ತುದಿ ಒದ್ದೆ ಮಾಡಿ ಒರೆಸಿದೆ. ಒಂಬತ್ತು ದಿನದ ಕೋಡನ್ನು ತೆಗೆದುಹಾಕಿದೆ. ಪರದೆಯ ಮೇಲೆ ಬಾಯಿ ಬಿಟ್ಟುಕೊಂಡ ಒಬ್ಬ ಪೆದ್ದ, ಅವನ ಹಿಂದೆ ಬಾಗಿಲು, ಬಾಗಿಲಾಚೆ ಶೃಂಗೇರಿ ಬಸ್ಸು, ಬಸ್ಸಿನ ಬೋರ್ಡಿನ ಅಕ್ಷರ ಸಮೇತ ಸ್ಪಷ್ಟವಾಗಿ ಮೂಡಿತು. ಅಷ್ಟು ಚೆಂದದ ಚಿತ್ರವನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ಅದೇ ಬಸ್ಸಿಗೆ ಓಡಿ ಹತ್ತಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕಮ್ಮರಡಿಗೆ ಹೊರಟೆ. ಹೋಗಿ ಶೀನಣ್ಣನ ಎದುರಿನ ಮೇಜಿನ ಮೇಲಿಟ್ಟೆ. ಅವರ ಮುಖ ಪರದೆಯಲ್ಲಿ ಕಂಡಿತು. ಅವರು ಅದನ್ನೇ ಬಹಳ ಹೊತ್ತು ನೋಡಿದರು. ಜಲಜಕ್ಕ ಕೇಳಿದರು ಎಂದು ಕುಂಕುಮದ ಕಥೆಯನ್ನೂ ಹೇಳಿದೆ. ಶೀನಣ್ಣನ ಬಾಯಿಯ ಒಂದು ತುದಿ ಅಲುಗಿತು, ಅಷ್ಟೇ.

ಮೇಲಿಂಗ್ ಲಿಸ್ಟಿಗೂ ಸತ್ಯ ಬರೆಯಲೇಬೇಕಾಯಿತು. ಕುಂಕುಮ ಎಂದರೇನು, ಯಂತ್ರಕ್ಕೆ ಪೂಜೆ ಯಾಕೆ, ಅದನ್ನು ಒರೆಸುವುದು ಯಾಕೆ ತಪ್ಪು ಎಂದೆಲ್ಲ ವಿವರಿಸಿದೆ. ಹಿಮದೇಶದ ಹಿರಿಯರು, ಮೂಲ ಕಾರಣ ಕಂಡುಹಿಡಿದದ್ದಕ್ಕೆ ಧನ್ಯವಾದ, ಕೆಂಪಿನ ಭಾಗ ಬಿಟ್ಟು ಉಳಿದದ್ದನ್ನು ಮತ್ತೆ ಕಳಿಸಿ ಎಂದರು. ಅಲ್ಪವಿರಾಮ, ಖಾಲಿ ಜಾಗ, ಸಾಲಿನ ಉದ್ದ ಎಂದು ತಿದ್ದಿಸಿ ತಿದ್ದಿಸಿ ಏಳನೆಯ ಸಲಕ್ಕೆ ಒಪ್ಪಿಕೊಂಡರು. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಕೂತು ಬರೆದ ನನ್ನ ಡ್ರೈವರ್ ಈಗ ಲಿನಕ್ಸ್ ಕರ್ನೆಲ್ಲಿನೊಳಗೆ ಇದೆ. ಪ್ರಪಂಚದ ಯಾವ ಮೂಲೆಯಲ್ಲಿ ಯಾರು ಆ ಮಾದರಿಯ ಲ್ಯಾಪ್‌ಟಾಪಿಗೆ ಹೊಸ ಲಿನಕ್ಸ್ ಹಾಕಿ ತೆರೆದರೂ, ಕಣ್ಣು ಬಿಡಿಸುವವನು ನಾನು. ಹೆಮ್ಮೆ ಪಡಬಾರದು ಎನ್ನುತ್ತಾರೆ. ನಾನು ಪಡುತ್ತೇನೆ. ಗೋಪಾಲಣ್ಣನಿಗೆ ದಿನಕ್ಕೆರಡು ಸಲ ಹೇಳುತ್ತೇನೆ.

ಒಪ್ಪಿಗೆಯ ಮೇಲ್ ಬಂದ ದಿನ ಗೋಪಾಲಣ್ಣನಲ್ಲಿ ಮೈಸೂರುಪಾಕು ಕಟ್ಟಿಸಿಕೊಂಡು ಕಮ್ಮರಡಿಗೆ ಹೋದೆ. ಶೀನಣ್ಣನಿಗೆ ಪಾಠ ನಡೆಯುತ್ತಿತ್ತು. ಮೇಡಂ ಅವರಿಂದ ಹಳೆಯ ಸ್ಟಾಪುಗಳನ್ನೇ ಕೂಗಿಸುತ್ತಿದ್ದರು. "ಕಮ್ಮ... ರಡಿ. ಕೊಪ್ಪ... ಕೊಪ್ಪ." ಇಷ್ಟು ತಿಂಗಳಲ್ಲಿ ಅಲ್ಲಿಯವರೆಗೆ ಬಂದಿದ್ದರು. ನಾನು ಮಧ್ಯೆ ನುಗ್ಗಿ, ನನ್ನ ಹೆಸರು ಇಡೀ ಪ್ರಪಂಚಕ್ಕೆ ಹೋದದ್ದನ್ನು ಮೇಡಂಗೂ ಕೇಳಿಸುವ ಹಾಗೆ ಘೋಷಿಸಿದೆ. ಶೀನಣ್ಣ ನನ್ನ ಕಡೆ ತಿರುಗಿದರು. ಎಡಗೈ ಎತ್ತಿದರು. ಏನೋ ಹೇಳುವುದಿತ್ತು.

"ಅರ್ಜೆಂಟಿಲ್ಲ ಶೀನಣ್ಣ, ನಿಧಾನಕ್ಕೆ ಹೇಳಿ" ಎಂದರು ಪರದೆಯೊಳಗಿಂದ ಮೇಡಂ. ಜಲಜಕ್ಕ ಸೆರಗು ಬಾಯಿಗೆ ಹಿಡಿದು ನಿಂತರು. ನಾನು ಥ್ಯಾಂಕ್ಸಿಗೆ ಉತ್ತರವಾಗಿ "ಅಯ್ಯೋ, ನಂದೆಂತ ಇಲ್ಲ ಬಿಡಿ" ಎನ್ನುವುದನ್ನು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡು, ತಲೆ ಸ್ವಲ್ಪ ತಗ್ಗಿಸಿ, ವಿನಯದಿಂದ ಕಾದೆ. ಕತ್ತಿನ ನರ ಉಬ್ಬಿತು, ತುಟಿ ಅಲುಗಿತು, ಮತ್ತೆ ನಿಂತಿತು, ಮತ್ತೆ ಅಲುಗಿತು. ಲಕ್ವ ಹೊಡೆದ ಮೇಲೆ ಶೀನಣ್ಣನ ಬಾಯಿಂದ ಬಂದ ಮೊದಲ ಪೂರ್ತಿ ವಾಕ್ಯ ಅದು ಎಂದು ಮೇಡಂ ಅಲ್ಲಿ ಚಪ್ಪಾಳೆ ತಟ್ಟಿದರು, ಜಲಜಕ್ಕ ಇಲ್ಲಿ ಅತ್ತರು, ನಾನೂ ಸ್ವಲ್ಪ ಅತ್ತೆ.

"ಕುಂ... ಕುಮ... ಒರ್ಸಿದ್ಯನಾ... ಕಂಪ್ಯೂಟರ್?"