ಮೂರನೇ ಕಂಬದ ಬಳಿ ಬ್ರೇಕ್ ಹಿಡಿಯಲು ಅಪ್ಪಣೆ ಕೋರಿ

ಎಂಟು ತಿಂಗಳಿಂದ ನಮ್ಮ ಮನೆಯ ಮೊಬೈಲಿನೊಳಗೆ ಬಣ್ಣದ ಚೌಕಗಳ ರೂಪದಲ್ಲಿ ನೆಲೆಸಿ, ನಾವು ಏಳುವ ಹೊತ್ತು, ಉಣ್ಣುವ ಹೊತ್ತು, ಗಂಡಹೆಂಡತಿ ಮುಖ ಕೊಟ್ಟು ಮಾತಾಡುವ ಹೊತ್ತು ಎಲ್ಲವನ್ನೂ ನಿಶ್ಚಯಿಸುತ್ತಿರುವ ಮಾನ್ಯ ತರಬೇತುದಾರರ ಸನ್ನಿಧಾನಕ್ಕೆ, ತಮ್ಮ ತಂಡದ ಒಬ್ಬ ಸವಾರರ ಹೆಂಡತಿಯು ಎಡಗೈಯಲ್ಲಿ ಮಗುವನ್ನು ಎತ್ತಿಕೊಂಡು ಬಲಗೈ ಹೆಬ್ಬೆರಳೊಂದರಿಂದಲೇ ಟೈಪ್ ಮಾಡುತ್ತಿರುವ ಅನಂತ ನಮಸ್ಕಾರಗಳು.

ಮಾನ್ಯರೇ,

ಈಗ ಗಂಟೆ ಎರಡೂ ಮುಕ್ಕಾಲು. ನನ್ನನ್ನು ಎಬ್ಬಿಸಿದ್ದು ಮಗುವಲ್ಲ. ಏಳು ತಿಂಗಳ ಆ ಜೀವ ಇವತ್ತು ಯಾವ ಪುಣ್ಯಕ್ಕೋ ಸತತ ಮೂರು ಗಂಟೆ ಮಲಗಿತ್ತು. ಎಬ್ಬಿಸಿದ್ದು ಹಾಲ್‌ನಿಂದ ಬಂದ ಟಿಕ್ ಟಿಕ್ ಟಿಕ್ ಎಂಬ ಸದ್ದು. ಎದ್ದು ನೋಡಿದರೆ ನಮ್ಮ ಯಜಮಾನರು ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು, ಸೈಕಲ್ಲಿನ ಹಿಂದಿನ ಚಕ್ರವನ್ನು ಎತ್ತಿ ಹಿಡಿದು ತಿರುಗಿಸುತ್ತ, ಅದರ ಸದ್ದನ್ನು ವೈದ್ಯರು ಎದೆ ಬಡಿತ ಕೇಳುವ ಹಾಗೆ ಕೇಳುತ್ತಿದ್ದರು. ಏನ್ರೀ ಇದು ಎಂದದ್ದಕ್ಕೆ, "ಏನಿಲ್ಲ ಕಣೇ, ನಾಲ್ಕೂವರೆವರೆಗೆ ನಿದ್ದೆ ಮಾಡು ಅಂತ ಕೋಚ್ ಬರೆದಿದಾರೆ, ಸುಮ್ನೆ ಮಾತಾಡಿಸಬೇಡ" ಎಂದು ಹೋಗಿ ಮಲಗಿ, ತಾವು ಬರೆದಿದ್ದೀರಿ ಎಂಬ ಒಂದೇ ಕಾರಣಕ್ಕೆ ಎರಡು ನಿಮಿಷದಲ್ಲಿ ಗೊರಕೆಯನ್ನೂ ಹೊಡೆದರು. ಮಗು ಎದ್ದಿತು. ನಾನಂತೂ ಎದ್ದೇ ಇದ್ದೆ.

ಇದನ್ನು ತಮಗೊಬ್ಬರಿಗೇ ಬರೆಯದೆ ತಂಡದ ನಲವತ್ತೊಂದು ಜನರ ಗುಂಪಿಗೆ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ನಿನ್ನೆ ಸಂಜೆ ತಮಗೊಬ್ಬರಿಗೇ ಹನ್ನೆರಡು ಸಾಲು ಬರೆದು ಕಳಿಸಿದ್ದೆ. ತಾವು ಕೃಪೆಯಿಟ್ಟು ಒಂದು ಹೆಬ್ಬೆರಳನ್ನು ಕಳಿಸಿದಿರಿ. ಆ ಹಳದಿ ಹೆಬ್ಬೆರಳನ್ನು ನಾನು ಮಲಗುವವರೆಗೂ ಅತ್ತಿತ್ತ ತಿರುಗಿಸಿ ನೋಡಿದೆ. ಅದರಲ್ಲಿ ಸಹಾನುಭೂತಿ ಇದ್ದಿರಬಹುದು, ನನಗೆ ಕಂಡಿಲ್ಲ.

ಮೊದಲು ಉಪಕಾರಸ್ಮರಣೆ. ಈಜು, ಸೈಕಲ್, ಓಟ ಮೂರನ್ನೂ ಒಂದೇ ಬೆಳಗಿನಲ್ಲಿ ಮಾಡಿ ಮುಗಿಸುವ ಟ್ರಯಥ್ಲಾನ್ ಎಂಬ ಈ ಆಟದಲ್ಲಿ ಸೈಕಲ್ಲೇ ಹೆಚ್ಚು ಹೊತ್ತು ತಿನ್ನುವುದರಿಂದ, ನಮ್ಮ ಯಜಮಾನರ ಸೈಕಲ್ ತುಳಿತವನ್ನು ತಾವು ಬುಡಸಮೇತ ಸುಧಾರಿಸಿದ್ದೀರಿ. ಅವರ ತೊಡೆಗಳು ಈಗ ಹಳೆಯ ಪ್ಯಾಂಟುಗಳಲ್ಲಿ ಹಿಡಿಸುವುದಿಲ್ಲ. ಹಾಲ್‌ನಲ್ಲಿ ಸೋಫಾ ಇದ್ದ ಜಾಗದಲ್ಲಿ ಈಗ ಒಂದು ಸ್ಟ್ಯಾಂಡ್ ಇದೆ. ಅದರ ಮೇಲೆ ಸೈಕಲ್ ಬಿಗಿದು, ಮುಂದೆ ಫ್ಯಾನ್ ಇಟ್ಟುಕೊಂಡು, ದಿನಕ್ಕೆರಡು ಗಂಟೆ ತುಳಿದು, ಎಂಟು ತಿಂಗಳಲ್ಲಿ ಅವರು ಒಂದಿಂಚೂ ಮುಂದೆ ಹೋಗದೆ ಸಾವಿರಾರು ಕಿಲೋಮೀಟರ್ ಕ್ರಮಿಸಿದ್ದಾರೆ. ತುಳಿತದ ಬಲವನ್ನು ಅಳೆಯುವ ವ್ಯಾಟ್ ಎಂಬ ಅಂಕಿ ಹ್ಯಾಂಡಲ್ ಮೇಲಿನ ಪುಟ್ಟ ಪರದೆಯಲ್ಲಿ ಏರಿದಾಗ ಮೊಬೈಲಿನಲ್ಲಿ ಆ ದಿನದ ಚೌಕ ಹಸಿರಾಗುತ್ತದೆ, ಇಳಿದಾಗ ಕೆಂಪಾಗುತ್ತದೆ. ಮಗುವಿಗೆ ಜ್ವರ ಬಂದು ಅವರು ಔಷಧಿ ತರಲು ಓಡಿದ ದಿನ ಚೌಕ ಕೆಂಪಾಗಿ, ಅದರ ಕೆಳಗೆ "ಬದ್ಧತೆ ಸಾಲದು" ಎಂದು ತಾವು ಬರೆದಿದ್ದು ನನಗೆ ಬಾಯಿಪಾಠವಾಗಿದೆ.

ದಡದ ಮೇಲೆ ನಿಂತು ಈಜು ಕಲಿಸುವವರ ಬಗ್ಗೆ ಹಿರಿಯರು ಏನೇನೋ ಹಗುರವಾಗಿ ಮಾತಾಡಿದ್ದಾರೆ. ತಾವಂತೂ ದಡಕ್ಕೂ ಬರದೆ ಕಲಿಸಿದವರು. ನಮ್ಮ ಯಜಮಾನರು ರಸ್ತೆಯ ಮೇಲೆ ಸೈಕಲ್ ಹೊಡೆಯುವುದನ್ನು ತಾವು ಈವರೆಗೆ ಒಂದು ಸಲವೂ ನೋಡಿಲ್ಲ. ನೋಡುವ ಅಗತ್ಯವಾದರೂ ಏನು? ಅಂಕಿಗಳು ಬರುತ್ತವಲ್ಲ!

ನಾನು ನೋಡಿದ್ದೇನೆ. ಆರು ವಾರದ ಹಿಂದೆ ಮೊದಲ ಬಾರಿಗೆ ಸೈಕಲ್ಲನ್ನು ಸ್ಟ್ಯಾಂಡಿನಿಂದ ಬಿಚ್ಚಿ ರಸ್ತೆಗಿಳಿದವರು, ಅರವತ್ತು ಕಿಲೋಮೀಟರ್ ನೆಟ್ಟಗೆ ಹೋಗಿ ನೆಟ್ಟಗೆ ಬಂದು, ನಮ್ಮದೇ ಗೇಟಿನ ಮುಂದೆ ಎಡಕ್ಕೆ ತಿರುಗಬೇಕಾದಲ್ಲಿ, ಪೆಡಲಿಗೆ ಸಿಕ್ಕಿಸಿಕೊಂಡ ಬೂಟು ಬಿಡಿಸಿಕೊಳ್ಳಲಾಗದೆ, ಕಡಿದ ಬಾಳೆಗಿಡದ ಹಾಗೆ ನಿಂತಲ್ಲೇ ಉರುಳಿದರು. ಎದುರು ಮನೆಯ ಅಜ್ಜಿ "ಅಯ್ಯೋ, ಪಾಪ, ಹೊಸದಾಗಿ ಕಲೀತಿದಾರೇನಮ್ಮ?" ಎಂದು ಕೇಳಿದರು. ಮೊಣಕೈಗೆ ನಾನು ಔಷಧಿ ಹಚ್ಚುತ್ತಿರುವಾಗಲೇ ತಮ್ಮ ಷರಾ ಬಂತು: "ಅದ್ಭುತ ಸವಾರಿ." ಬಿದ್ದದ್ದಕ್ಕೆ ಅಂಕಿ ಇಲ್ಲವಷ್ಟೆ.

ಇನ್ನು ತಮ್ಮ ರಣತಂತ್ರದ ವಿಚಾರ. "ಯಾರನ್ನೂ ನೋಡಬೇಡ, ಅಂಕಿಯನ್ನು ನೋಡು" ಎಂಬ ತಮ್ಮ ಒಂದು ಸಾಲಿನ ಉಪದೇಶವನ್ನು ಕಳೆದ ಸ್ಪರ್ಧೆಯಲ್ಲಿ ಅವರು ಚಾಚೂ ತಪ್ಪದೆ ಪಾಲಿಸಿದರು. ಆಟದ ಮೈದಾನದ ಸುತ್ತ ನಾಲ್ಕು ಸುತ್ತು, ಸುತ್ತಿಗೆ ನಾಲ್ಕು ತಿರುವು; ನಾನು ಮಗುವಿನ ಗಾಡಿ ಹಿಡಿದು ಮೂಲೆಯೊಂದರಲ್ಲಿ ನಿಂತಿದ್ದೆ. ತಂಡದವರೆಲ್ಲ ತಾತ ಎಂದೇ ಕರೆಯುವ ಐವತ್ತೆಂಟರ ಪ್ಲಂಬರ್, ಸಣ್ಣದೊಂದು ಹೊಟ್ಟೆಯನ್ನೂ ಮುಂದಿಟ್ಟುಕೊಂಡು, ಪ್ರತಿ ತಿರುವಿನಲ್ಲೂ ನಮ್ಮವರನ್ನು ಹಿಂದೆ ಹಾಕುತ್ತಿದ್ದರು. ನೇರ ರಸ್ತೆ ಬಂದ ಕೂಡಲೇ ನಮ್ಮವರು ಹಲ್ಲು ಕಚ್ಚಿ ತುಳಿದು ಅವರನ್ನು ದಾಟುತ್ತಿದ್ದರು. ತಾತ ಆ ಹೊತ್ತಿನಲ್ಲಿ ನೀರು ಕುಡಿಯುತ್ತಿದ್ದರು. ಹೀಗೆ ಹದಿನಾರು ಸಲ ಸೋತು ಹದಿನಾರು ಸಲ ಗೆದ್ದ ನಮ್ಮವರಿಗೆ ಓಟದ ಹೊತ್ತಿಗೆ ಕಾಲೇ ಉಳಿದಿರಲಿಲ್ಲ. ಓಡುವ ಬದಲು ನಡೆದರು. ಗಾಡಿ ತಳ್ಳಿಕೊಂಡು ನಾನೂ ಹಗ್ಗದ ಈಚೆಯಿಂದ ಅವರ ಜೊತೆ ನಡೆದೆ, ಸ್ವಲ್ಪ ನಿಧಾನಿಸಬೇಕಾಯಿತು. ತಾತನಿಗಿಂತ ನಮ್ಮವರ ವ್ಯಾಟ್ ಹೆಚ್ಚು, ಆದರೂ ಹನ್ನೊಂದು ನಿಮಿಷ ಹಿಂದೆ. ಇದನ್ನೆಲ್ಲ ಪರಾಮರ್ಶಿಸಿ ತಾವು ಕೊಟ್ಟ ತೀರ್ಪು: ವ್ಯಾಟ್ ಇನ್ನೂ ಹೆಚ್ಚಿಸಬೇಕು.

ಆಗ ನಾನು ಒಂದು ಅಪರಾಧ ಮಾಡಿದೆ, ಒಪ್ಪಿಕೊಳ್ಳುತ್ತೇನೆ. ಐದು ವರ್ಷ ಕಾಲೇಜಿಗೆ ಇಳಿಜಾರಿನ ರಸ್ತೆಯಲ್ಲೇ ಸೈಕಲ್ ಹೊಡೆದವಳು ನಾನು. ಹಿಂದಿನ ಕ್ಯಾರಿಯರಿನಲ್ಲಿ ಪುಸ್ತಕ, ಹ್ಯಾಂಡಲಿನಲ್ಲಿ ಊಟದ ಡಬ್ಬಿ, ಡಬ್ಬಿಯ ಸಾರು ಚೆಲ್ಲದ ಹಾಗೆ ತಿರುಗಲು ಬರುತ್ತಿತ್ತು. ಒಂದು ಭಾನುವಾರ ಮಾರುಕಟ್ಟೆಯ ಖಾಲಿ ಪಾರ್ಕಿಂಗ್ ಜಾಗಕ್ಕೆ ಇವರನ್ನು ಕರೆದೊಯ್ದು, ಮಗುವಿನ ಕಾಲುಚೀಲಗಳನ್ನು ಸಾಲಾಗಿ ನೆಲದ ಮೇಲಿಟ್ಟು, ಅವುಗಳ ನಡುವೆ ಸುತ್ತಿಸಿದೆ. ಬ್ರೇಕನ್ನು ತಿರುವಿನ ಮುಂಚೆ ಹಿಡಿಯಿರಿ, ಒಳಗೆ ಹೋದ ಮೇಲೆ ಹಿಡಿದರೆ ಸೈಕಲ್ ಮಾತು ಕೇಳುವುದಿಲ್ಲ. ಕಣ್ಣು ಹೋದ ಕಡೆಗೇ ಚಕ್ರ ಹೋಗುತ್ತದೆ, ತಿರುವಿನ ಆಚೆ ನೋಡಿ. ಇಷ್ಟೇ ನನಗೆ ಗೊತ್ತಿದ್ದದ್ದು. ಇವರು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಗಲ್ಲ ಹಿಡಿದು "ಇಲ್ಲಿ ನೋಡಿ, ಅಲ್ಲಿ ನೋಡಿ" ಎನ್ನುವವರು. ಸ್ವತಃ ಇವರು ಎಲ್ಲಿ ನೋಡಬೇಕೆಂದು ಹೇಳಿದವರಿರಲಿಲ್ಲ. ಅರ್ಧ ಗಂಟೆಯಲ್ಲಿ ಕಲಿತರು. ಎಂಟು ತಿಂಗಳಲ್ಲಿ ಮೊದಲ ಸಲ ಸೈಕಲ್ ಮೇಲೆ ಕೂತು ನಕ್ಕರು, "ಏ, ಬಂತು ಕಣೇ, ಬಂತು!" ಎಂದು ಕೂಗಿದರು, ಒಂದು ಕಾಲುಚೀಲವನ್ನೂ ತುಳಿಯಲಿಲ್ಲ. ಮನೆಗೆ ಬಂದು ನೋಡಿದರೆ ಚೌಕ ಕೆಂಪು. "ಇದೇನು ಮಕ್ಕಳಾಟ? ಶ್ರಮವೇ ಇಲ್ಲ" ಎಂಬ ತಮ್ಮ ಷರಾ. ಅವತ್ತೇ ಸೈಕಲ್ ಮತ್ತೆ ಸ್ಟ್ಯಾಂಡ್ ಏರಿತು.

ಹೀಗಿರಲು, ನಿನ್ನೆ ಮಧ್ಯಾಹ್ನ ಇವತ್ತಿನ ಸ್ಪರ್ಧೆಗೆಂದು ತಮ್ಮ ಕೊನೆಯ ಆಜ್ಞೆ ಬಂತು. ನೀರಿನ ಟ್ಯಾಂಕಿನಿಂದ ಕೆಳಗಿಳಿಯುವ ರಸ್ತೆಯಲ್ಲಿ ಏರೋಬಾರ್‌ನಿಂದ ಕೈ ತೆಗೆಯಕೂಡದು, ಬ್ರೇಕ್ ಮುಟ್ಟಕೂಡದು, ಅಲ್ಲಿ ನಲವತ್ತು ಸೆಕೆಂಡು ಉಳಿಯುತ್ತದೆ ಎಂದು. ಏರೋಬಾರ್ ಎಂದರೇನೆಂದು ಗುಂಪಿನಲ್ಲಿರುವ ಇತರ ಹೆಂಡಂದಿರಿಗಾಗಿ ಹೇಳುತ್ತೇನೆ: ಗಾಳಿಗೆ ತಲೆಬಾಗಿ ಮೊಣಕೈ ಊರಿಕೊಂಡು ಹೋಗಲು ಹ್ಯಾಂಡಲಿನ ನಡುವಿನಿಂದ ಮುಂದಕ್ಕೆ ಚಾಚಿದ ಜೋಡಿ ಕೊಂಬುಗಳು. ಕೈ ಅಲ್ಲಿರುತ್ತದೆ. ಬ್ರೇಕ್ ಅಲ್ಲಿರುವುದಿಲ್ಲ.

ಆ ಇಳಿಜಾರಿನ ಬುಡದಲ್ಲಿ ಬಲಕ್ಕೊಂದು ತಿರುವಿದೆ, ತಿರುವಿನ ಹೊರಮಗ್ಗುಲಲ್ಲಿ ಕಲ್ಲಿನ ಗೋಡೆಯಿದೆ, ರಸ್ತೆ ರಿಪೇರಿಯವರು ಬಿಟ್ಟುಹೋದ ಜಲ್ಲಿಪುಡಿ ತಿರುವಿನುದ್ದಕ್ಕೂ ಅಂಗೈಯಗಲ ಹರಡಿದೆ. ಗುರುವಾರ ನಮ್ಮ ಅಡುಗೆಮನೆಯ ನಲ್ಲಿ ರಿಪೇರಿಗೆ ಬಂದಿದ್ದ ತಾತನನ್ನು ಕರೆದುಕೊಂಡು ಹೋಗಿ ತೋರಿಸಿದ್ದೆ. ಅವರು ಎರಡು ಸಲ ಮೇಲಿಂದ ಇಳಿದು ನೋಡಿ, ಮೂರನೆಯ ದೀಪದ ಕಂಬಕ್ಕೆ ಸೀಮೆಸುಣ್ಣದಲ್ಲಿ ಗೀಟು ಎಳೆದು, "ಇಲ್ಲಿ ಕೈ ಬ್ರೇಕಿಗೆ ಬರಲೇಬೇಕು ತಾಯಿ, ನಾಲ್ಕನೇ ಕಂಬಕ್ಕೆ ಬಂದ್ರೆ ಗೋಡೆ ಜೊತೆ ಮಾತಾಡಬೇಕಾಗುತ್ತೆ" ಎಂದರು. ಇದನ್ನು ನಿನ್ನೆ ರಾತ್ರಿ ಯಜಮಾನರಿಗೆ ಹೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿ, "ತಾತನ ವ್ಯಾಟ್ ಎಷ್ಟು ಗೊತ್ತೇನೇ ನಿಂಗೆ?" ಎಂದರು. ಅತ್ತೆ, ಹಾಗೆ ಬೈಯುವವರೇ ಅಲ್ಲ, ಅವರೂ "ಲೋ, ಹೆಂಡತಿ ಮಾತು ಕೇಳೋ, ಮಗು ಇದೆ ಮನೇಲಿ" ಎಂದರು. ಉತ್ತರ ಒಂದೇ: "ಕೋಚ್ ಹೇಳಿದ್ರೆ ಹಿಡೀತೀನಮ್ಮ."

ನೆಲ ಡೊಂಕು ಎಂದವರ ಕತೆ ಕೇಳಿ ಬೆಳೆದವಳು ನಾನು. ಡೊಂಕು ರಸ್ತೆಯನ್ನು ನೇರವೆಂದು ನಂಬಿಸಬಲ್ಲವರನ್ನು ಕಂಡದ್ದು ಇದೇ ಮೊದಲು. ಅಷ್ಟು ಶಕ್ತಿಯುಳ್ಳ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿವೆ. ಏಳು ಗಂಟೆಯೊಳಗೆ ಆ ತಿರುವನ್ನು ನೆಟ್ಟಗೆ ಮಾಡಿಸಿಕೊಡಿ. ಅದಾಗದಿದ್ದರೆ ಗೋಡೆಗೆ ಒಂದು ಕೆಂಪು ಚೌಕ ಕೊಟ್ಟು, ನಿನ್ನ ಬದ್ಧತೆ ಸಾಲದು ಎಂದು ಬರೆದು, ಅದು ನಾಚಿ ಹಿಂದೆ ಸರಿಯುವಂತೆ ಮಾಡಿ. ಅದೂ ಆಗದಿದ್ದರೆ ನಮ್ಮ ಮನೆಯ ಹಾಸಿಗೆ, ದಿಂಬು, ಮಗುವಿನ ಬಟ್ಟೆಗಳನ್ನೆಲ್ಲ ಕೊಡುತ್ತೇನೆ, ತಾವೇ ಅಲ್ಲಿ ಹಾಸಿಕೊಂಡು ಕೈ ಚಾಚಿ ನಿಲ್ಲಿ. ಆ ನೆವದಲ್ಲಾದರೂ ತಮ್ಮ ಶಿಷ್ಯರು ರಸ್ತೆಯ ಮೇಲೆ ಬರುವುದನ್ನು ಕಣ್ಣಾರೆ ನೋಡಿದಂತಾಗುತ್ತದೆ. ಮತ್ತು ಇವತ್ತು ಎಂಟೂ ಕಾಲರಿಂದ, ಅವರು ಇಳಿಜಾರಿಗೆ ಬರುವ ಹೊತ್ತಿನಿಂದ, ಅವರು ಓಡುತ್ತಿದ್ದಾರೆಂದು ನನ್ನ ಕಣ್ಣಿಗೆ ಕಾಣುವವರೆಗೆ, ನಾನು ಎಷ್ಟು ವ್ಯಾಟಿನಲ್ಲಿ ಉಸಿರಾಡಬೇಕು ಎಂಬುದನ್ನೂ ದಯಮಾಡಿ ತಿಳಿಸಿ. ನನಗೆ ಯಾರೂ ಚೌಕ ಕೊಟ್ಟಿಲ್ಲ.

ಅವರು ಗೆಲ್ಲಲಿ ಎಂದು ನನಗೂ ಆಸೆಯಿದೆ, ಸುಳ್ಳು ಹೇಳುವುದಿಲ್ಲ. ಪಾರ್ಕಿಂಗ್ ಜಾಗದಲ್ಲಿ ಕಾಲುಚೀಲಗಳ ನಡುವೆ ನಕ್ಕವರು ಗೆಲ್ಲಲಿ ಎಂದು.

ಇಂತಿ, ತಾವು ಹೆಬ್ಬೆರಳಿನ ಗೌರವ ಕೊಟ್ಟ ತಮ್ಮ ವಿಶ್ವಾಸಿ,
ಸ್ಟ್ಯಾಂಡ್ ಮೇಲೆ ಅಜೇಯರಾದವರ ಹೆಂಡತಿ

ತಾ.ಕ.: ತಾವು ಹೇಳಬೇಕಾದ ಮಾತು ಇಷ್ಟೇ: "ಮೂರನೇ ಕಂಬದ ಹತ್ತಿರ ಕೈ ಬ್ರೇಕಿಗೆ ಬರಲಿ, ಕಣ್ಣು ತಿರುವಿನ ಆಚೆ ಇರಲಿ." ಮಗುವನ್ನು ತಟ್ಟುತ್ತಲೇ ಗಡಿಯಾರ ನೋಡಿ ಹೇಳಿ ನೋಡಿದೆ, ಏಳು ಸೆಕೆಂಡು ಸಾಕು. ತಾವು ಉಳಿಸಿಕೊಡಲಿರುವ ನಲವತ್ತರಲ್ಲಿ ಅದನ್ನು ಕಳೆದರೂ ಮೂವತ್ತಮೂರು ತಮಗೇ ಉಳಿಯುತ್ತದೆ, ಇಟ್ಟುಕೊಳ್ಳಿ. ಇವರು ಮನೆ ಬಿಡುವುದು ಐದೂ ಕಾಲಿಗೆ. ಆಮೇಲೆ ಮೊಬೈಲ್ ನನ್ನ ಕೈಲಿ ಕೊಟ್ಟು ಹೋಗುತ್ತಾರೆ, ನನಗೆ ಹೇಳಿ ಪ್ರಯೋಜನವಿಲ್ಲ, ನನಗೆ ಗೊತ್ತಿರುವುದೇ ಅದು. ತಾತನವರೇ, ಗುಂಪಿನಲ್ಲಿ ಎದ್ದಿರುವ ಬೇರೆ ಯಾರಾದರೂ ಸರಿಯೇ, ಕೋಚ್ ಮನೆ ಹತ್ತಿರವಿದ್ದರೆ ಹೋಗಿ ಬಾಗಿಲು ಬಡಿದು ಅವರನ್ನು ಎಬ್ಬಿಸಿ. ಸರ್, ಇಷ್ಟು ಹೊತ್ತು ಬರೆದದ್ದರಲ್ಲಿ ಒರಟಾಗಿದ್ದೆಲ್ಲ ವಾಪಸು ತೆಗೆದುಕೊಳ್ಳುತ್ತೇನೆ, ಬೇಕಾದರೆ ಇಡೀ ಪತ್ರವನ್ನೇ ಅಳಿಸುತ್ತೇನೆ. ಬೆಳಗಾಗುವ ಮುಂಚೆ ಒಂದು ಫೋನ್ ಮಾಡಿ ಸರ್, ಅವರಿಗೆ. ಮೊದಲ ರಿಂಗಿಗೇ ಎತ್ತುತ್ತಾರೆ, ತಮ್ಮ ನಂಬರಿಗೆ ಬೇರೆಯೇ ರಿಂಗ್ ಇಟ್ಟುಕೊಂಡಿದ್ದಾರೆ. ಮಾಡಿ ಸರ್.