ಪೀಟರನ ಕೊಡೆ

ಯಾವುದೋ ದೇಶದ ಪೀಟರ್ ಎಂಬ ಅಂಗಡಿಯವನು, ಗಿರಾಕಿಯೊಬ್ಬ ಬಿಟ್ಟುಹೋದ ಕೊಡೆ ಹಿಡಿದುಕೊಂಡು ಮಳೆಯಲ್ಲಿ ಮನೆಗೆ ಹೋದದ್ದೇ ಕಮ್ಮರಡಿಯ ಮೋಹಿತನ ಕಷ್ಟಕ್ಕೆಲ್ಲ ಮೂಲವಾಯಿತು.

ಪೀಟರ್ ಇದ್ದದ್ದು ಒಂದು ಇಂಗ್ಲಿಷ್ ಪ್ಯಾಸೇಜಿನೊಳಗೆ. ಹತ್ತು ಸಾಲಿನ ಕತೆ, ಕೆಳಗೆ ಪ್ರಶ್ನೆಗಳು, ಒಂದೊಂದಕ್ಕೂ ನಾಲ್ಕು ಉತ್ತರ, ಅದರಲ್ಲಿ ಒಂದೇ ಸರಿ. ಕೊಪ್ಪದ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ ಮೋಹಿತನಿಗೆ ಅಂದು ಮಧ್ಯಾಹ್ನ ಪ್ಲೇಸ್‌ಮೆಂಟ್ ಟೆಸ್ಟು. ಸೋಲಾರ್ ಬೇಲಿ ಮಾರುವ ಕಂಪನಿಯೊಂದು ಕೊಪ್ಪದಲ್ಲಿ ಆಫೀಸು ತೆರೆಯುವುದಿತ್ತು. ಕಾಟಿ, ಕಾಡುಹಂದಿ ನುಗ್ಗದ ಗದ್ದೆಯೇ ಆ ಕಡೆ ಇಲ್ಲದ್ದರಿಂದ ಕಂಪನಿ ಮುಳುಗುವ ಭಯವಿರಲಿಲ್ಲ. ಕೂರಲು ಕುರ್ಚಿ, ತಲೆಯ ಮೇಲೆ ಫ್ಯಾನು, ಬಂದ ಮೇಲ್ ಓದಿ ಉತ್ತರ ಬರೆಯುವ ಕೆಲಸ, ಸಂಜೆ ಬಸ್ಸಿಗೆ ಮನೆ. ಸ್ವರ್ಗದ ಬಗ್ಗೆ ಮೋಹಿತನಿಗಿದ್ದ ಕಲ್ಪನೆ ಇದಕ್ಕಿಂತ ಹೆಚ್ಚಿನದೇನಲ್ಲ.

ಕುರ್ಚಿ ಸಿಗದಿದ್ದರೆ ಅವನಿಗೆ ಕಾದಿದ್ದದ್ದು ಹಲಸಿನ ಮರ. ಸೋದರಮಾವ ಬೈರಪ್ಪನದು ಮೈಕ್‌ಸೆಟ್ಟಿನ ವ್ಯಾಪಾರ. ಮದುವೆಯಿಂದ ಹಿಡಿದು ವಾಲಿಬಾಲ್ ಪಂದ್ಯದವರೆಗೆ ಎಲ್ಲಕ್ಕೂ ಬೈರಪ್ಪನ ಹಳೇ ಜೀಪು, ಅದರ ತುಂಬ ವಯರು, ಬಾಯಿ ತೆರೆದ ಎರಡು ಹಾರ್ನು. ಹಾರ್ನು ಊರಿಗೆಲ್ಲ ಕೇಳಬೇಕೆಂದರೆ ಮರ ಹತ್ತಿ ಕಟ್ಟಬೇಕು. ಬೈರಪ್ಪನ ಹೊಟ್ಟೆ ಮುಂದಕ್ಕೆ ಬಂದಷ್ಟೂ ಮರಗಳು ಎತ್ತರವಾಗುತ್ತ ಹೋಗಿ, ಅವನ ಕಣ್ಣು ಅಳಿಯನ ಮೇಲೆ ಬಿದ್ದಿತ್ತು. ಮೋಹಿತನೋ ಅಟ್ಟಕ್ಕೆ ಏಣಿ ಇಟ್ಟರೂ ಎರಡನೇ ಮೆಟ್ಟಿಲಿಗೇ ಇಳಿದುಬಿಡುತ್ತಿದ್ದ. ಹೋದ ವರ್ಷ ಒಂದು ಮದುವೆಯಲ್ಲಿ ಒತ್ತಾಯಕ್ಕೆ ಹತ್ತಿದವನು ಇಳಿಯಲಾಗದೆ, ಧಾರೆ ಮುಗಿದು ಊಟವಾಗಿ ಹೆಣ್ಣೊಪ್ಪಿಸಿ ಕೊಡುವವರೆಗೂ ಹಾರ್ನಿನ ಪಕ್ಕದಲ್ಲಿ ಇನ್ನೊಂದು ಹಾರ್ನಿನಂತೆ ಕೂತಿದ್ದ. ಊಟವನ್ನು ಹಗ್ಗ ಕಟ್ಟಿ ಮೇಲಕ್ಕೆ ಕಳಿಸಿದ್ದರು.

"ಟೆಸ್ಟ್ ಬರಿ ಅಳಿಯ, ನಾ ಬ್ಯಾಡ ಅನ್ನಲ್ಲ. ಆಗ್ಲಿಲ್ಲ ಅಂದ್ರೆ ನಾಳೆನೇ ಜೀಪು ಹತ್ತು," ಎಂದು ಬೈರಪ್ಪ ಹೇಳಿಯೂ ಆಗಿತ್ತು.

ಕಾಲೇಜಿನ ಶರ್ಮಿಳಾ ಮೇಡಂ ಪ್ರ್ಯಾಕ್ಟೀಸಿಗೆಂದು ಪೀಟರನ ಪ್ಯಾಸೇಜು ಕೊಟ್ಟು ಎರಡು ಮಾತು ಹೇಳಿದ್ದರು. ಒಂದು, ಜೋರಾಗಿ ಓದಿ ನಿಮ್ಮ ಮಾತಲ್ಲಿ ಅರ್ಥ ಹೇಳಿಕೊಳ್ಳಿ. ಎರಡು, ಅಲ್ಲಿ ಇದ್ದದ್ದನ್ನು ಮಾತ್ರ ಹೇಳಿ. ನಿಮ್ಮ ತಲೆಯಲ್ಲಿ ಇದ್ದದ್ದನ್ನು ತಂದು ಸೇರಿಸಬೇಡಿ. ಮೊದಲನೆಯದನ್ನು ಮೋಹಿತ ಚಾಚೂ ತಪ್ಪದೆ ಪಾಲಿಸಿದ. ಅದೇ ತಪ್ಪಾದದ್ದು.

ಹಪ್ಪಳದ ದಿನಗಳು. ಜಗಲಿಯಲ್ಲಿ ತಾಯಿ ವನಜಮ್ಮ, ಪಕ್ಕದ ಮನೆಯ ಗುಡ್ಡಮ್ಮ ಹಲಸಿನ ಹಪ್ಪಳ ಒತ್ತುತ್ತಿದ್ದರು. ಕೈಗೆ ಕೆಲಸವಿದ್ದು ಕಿವಿಗೆ ಇಲ್ಲದ ಹೊತ್ತು. ಮೋಹಿತ ಕಂಬಕ್ಕೊರಗಿ ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳಿಕೊಳ್ಳತೊಡಗಿದ.

"ಒಬ್ಬ ಗಿರಾಕಿ ಪೀಟರನ ಅಂಗಡಿಲಿ ಕೊಡೆ ಬಿಟ್ಟು ಹೋದ. ಸಂಜೆ ಮಳೆ ಬಂತು. ಪೀಟರ್ ಆ ಕೊಡೆ ಹಿಡ್ಕೊಂಡು ಮನೆಗೆ ಹೋದ. ಮಾರನೇ ದಿನ ಗಿರಾಕಿ ಬಂದಾಗ ಒಣಗಿದ ಕೊಡೆ ವಾಪಸ್ ಕೊಟ್ಟ. ಏನೂ ಹೇಳ್ಲಿಲ್ಲ."

ಗುಡ್ಡಮ್ಮ ಕೈ ನಿಲ್ಲಿಸಿದಳು. "ಎಲ್ಲಿ ಒಣಗ್ಸಿದ?"

"ಅದು ಹೇಳಿಲ್ಲ ಗುಡ್ಡಮ್ಮಕ್ಕ."

"ಒಲೆ ಮೇಲೆ ಕಟ್ಟಿದ್ರೆ ಮಸಿ ಹಿಡಿದಿರ್ತದೆ. ಬಿಟ್ಟು ಹೋದವನಿಗೆ ಗೊತ್ತಾಗ್ದೆ ಇರ್ತದಾ? ಮಳೆಗಾಲದಲ್ಲಿ ಒಂದು ರಾತ್ರಿಗೆ ಕೊಡೆ ಒಣಗತ್ತೆ ಅಂತ ಬರ್ದವನು ಯಾವನು? ಅವನ ಊರಲ್ಲಿ ಮಳೆಯೇ ಬಂದಿಲ್ಲ ಕಣ."

"ಅದೆಲ್ಲ ಬ್ಯಾಡ. ಪ್ರಶ್ನೆ ಏನಂದ್ರೆ, ಗಿರಾಕಿ ಕೊಡೆ ಯಾಕೆ ಬಿಟ್ಟು ಹೋದ? ಒಂದು, ಮರ್ತು. ಎರಡು, ಪೀಟರನ ಮೇಲೆ ನಂಬಿಕೆ ಇಟ್ಟು. ಮೂರು, ಪರೀಕ್ಷೆ ಮಾಡಕ್ಕೆ. ನಾಲ್ಕು, ಹೇಳಿಲ್ಲ."

"ಯಾವುದು ಸರಿ?" ವನಜಮ್ಮ ಕೇಳಿದಳು.

"ಹೇಳಿಲ್ಲ ಅನ್ನೋದೇ ಸರಿ ಅಮ್ಮ. ಯಾಕೆ ಬಿಟ್ಟ ಅಂತ ಪ್ಯಾಸೇಜಲ್ಲಿ ಇಲ್ಲ."

ಅಷ್ಟರಲ್ಲಿ ಬೇಲಿಯಾಚೆಯಿಂದ ಒಂದು ಕೆಮ್ಮು ಬಂತು. ಕೆಮ್ಮಿನ ಹಿಂದೆ ರಂಗಪ್ಪಯ್ಯ ಬಂದರು. ರಂಗಪ್ಪಯ್ಯ ಊರಿನ ತಾಳಮದ್ದಲೆ ಸಂಘದ ಹಿರಿಯ ಅರ್ಥಧಾರಿ. ಭಾಗವತರು ಎರಡು ಸಾಲು ಹಾಡಿದರೆ ಕೂತಲ್ಲಿಂದ ಏಳದೆ ಒಂದು ತಾಸು ಅದಕ್ಕೆ ಮಾತು ಕಟ್ಟುವವರು. ಒಮ್ಮೆ ಸಂಧಾನಕ್ಕೆ ಬಂದ ಕೃಷ್ಣನನ್ನು ಕೌರವನಾಗಿ ಎಷ್ಟು ಚೆನ್ನಾಗಿ ಸೋಲಿಸಿದ್ದರೆಂದರೆ, ಕೃಷ್ಣ ಒಪ್ಪಿಕೊಂಡು ಎದ್ದುಹೋಗಿ ಯುದ್ಧವೇ ನಡೆಯಲಿಲ್ಲ.

"ಹೇಳಿಲ್ಲ ಅನ್ನೋದು ಒಂದು ಉತ್ತರವನಾ ಮಾರಾಯ?" ಅವರ ದನಿಯಲ್ಲಿ ನಿಜವಾದ ನೋವಿತ್ತು. "ಹೇಳ್ದೆ ಬಿಟ್ಟಿದ್ದನ್ನ ಹೇಳಕ್ಕೇ ಅಲ್ವನಾ ನಾವು ಇರೋದು? ಪದ್ಯದಲ್ಲಿ ಇದ್ದಷ್ಟೇ ಹೇಳದಾದ್ರೆ ಅರ್ಥಧಾರಿ ಎಂತಕ್ಕೆ, ಭಾಗವತ್ರೇ ಸಾಕು. ಯಾರು ನಿಂಗೆ ಕಲ್ಸಿದ್ದು ಇದನ್ನ?"

"ಶರ್ಮಿಳಾ ಮೇಡಂ."

"ಪಾಪ, ಅವರಿಗೂ ಯಾರೋ ಹಂಗೇ ಕಲ್ಸಿದಾರೆ. ಕೂತ್ಕ ಸರಿಯಾಗಿ. ನಾನು ಗಿರಾಕಿ. ನೀನು ಪೀಟರ."

ಮೋಹಿತ ಬೇಡ ಎನ್ನುವ ಮೊದಲೇ ರಂಗಪ್ಪಯ್ಯ ಚಾಪೆಯ ಮೇಲೆ ಪದ್ಮಾಸನ ಹಾಕಿ, ಹೆಗಲ ವಸ್ತ್ರ ಸರಿಮಾಡಿಕೊಂಡು ಗಿರಾಕಿಯಾಗಿ ಹೋಗಿದ್ದರು. "ಎಲೈ ಪೀಟರನೇ, ನಿನ್ನೆಯ ದಿನ ನಿನ್ನ ಅಂಗಡಿಯ ಮೂಲೆಯಲ್ಲಿ ನಾನು ಇರಿಸಿದ್ದು ಕೇವಲ ಕೊಡೆಯೆಂದು ತಿಳಿದೆಯಾ? ಅದು ನನ್ನ ವಿಶ್ವಾಸ. ಅದನ್ನು ಬಿಡಿಸಿ ಹಿಡಿದು ಬೀದಿಯಲ್ಲಿ ನಡೆದೆಯಲ್ಲ."

ಮೋಹಿತನಿಗೆ ಆ ಆರೋಪ ತೀರ ಅನ್ಯಾಯವೆನಿಸಿತು. ಪೀಟರನ ಪರವಾಗಿ ಮಾತಾಡಲು ಆ ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ. "ವಿಶ್ವಾಸ ಮೂಲೆಲಿ ಇಟ್ಟು ಹೋದರೆ ಗೆದ್ದಲು ಹಿಡಿಯುತ್ತೆ ಮಹಾಶಯರೇ," ಎಂದುಬಿಟ್ಟ. "ನಾನು ಅದನ್ನ ಬಿಡಿಸಿ ಗಾಳಿ ಆಡಿಸಿದೆ."

ಗುಡ್ಡಮ್ಮ ಹಿಟ್ಟಿನ ಕೈಯಲ್ಲೇ ತಲೆದೂಗಿದಳು. ರಂಗಪ್ಪಯ್ಯನವರ ಮುಖ ಅರಳಿತು. ಆಮೇಲೆ ಪೀಟರನಿಗೆ ಹೆಂಡತಿ ಬಂದಳು, ಹೆಂಡತಿಗೆ ಹೆರಿಗೆ ನೋವು ಬಂತು, ಆ ಸಂಜೆ ಪೀಟರ್ ತುರ್ತಾಗಿ ಮನೆಗೆ ಹೋಗಲೇಬೇಕಾಯಿತು. ಹಪ್ಪಳದ ಹಿಟ್ಟು ಗಟ್ಟಿಯಾಗಿ, ವನಜಮ್ಮ ಎಚ್ಚೆತ್ತು "ಬಸ್ಸಿಗೆ ಹೊತ್ತಾಯ್ತಲ್ಲ ಮಾಣಿ," ಎನ್ನುವಾಗ ಕೊಡೆ ಮಡಚಿಯೇ ಇರಲಿಲ್ಲ.

ರಂಗಪ್ಪಯ್ಯನವರಿಗೂ ಕೊಪ್ಪದಲ್ಲಿ ಮಿಕ್ಸಿ ರಿಪೇರಿಯ ಕೆಲಸವಿತ್ತು, ಅಥವಾ ಬಸ್ಸು ಕಂಡಾಗ ನೆನಪಾಯಿತು. ಮಿಕ್ಸಿಯನ್ನು ತೊಡೆಯ ಮೇಲಿಟ್ಟುಕೊಂಡು ಗಿರಾಕಿಯಾಗಿ ಮುಂದುವರಿದರು. ಮುಂದಿನ ಸೀಟಿನವರು ತಿರುಗಿ ಕೂತರು. ಹಿಂದಿನವರು ಎದ್ದು ಬಂದರು. ಬಸ್ಸು ಎರಡು ಪಕ್ಷವಾಯಿತು.

ಕಂಡಕ್ಟರ್ ಮಾರಪ್ಪ ಟಿಕೆಟ್ ಮಿಶನ್ ಎತ್ತಿ ಹಿಡಿದು ನಿಂತ. "ಬಿಟ್ಟುಹೋದ ಕೊಡೆ ವಿಷಯ ನನ್ನ ಕೇಳಿ. ಈ ಬಸ್ಸಲ್ಲಿ ಬಿಟ್ಟಿದ್ದು ಡ್ರೈವರ್ ಸೀಟ್ ಹಿಂದೆ ಒಂದು ಹೊರೆ ಇದಾವೆ. ಕಡ್ಡಿ ಮುರಿದಿದ್ದನ್ನ ಬೇಕಂತಲೇ ಬಿಡ್ತಾರೆ. ಒಳ್ಳೇದನ್ನ ಬಿಟ್ಟವನು ಅದೇ ಬಸ್ ವಾಪಸ್ ಬರುವಾಗ ರಸ್ತೆಗೆ ಅಡ್ಡ ನಿಂತಿರ್ತಾನೆ. ನಿಮ್ಮ ಗಿರಾಕಿ ಮಾರನೇ ದಿನ ಬಂದ ಅಂದ್ರಲ್ಲ? ಹಂಗಾದ್ರೆ ಕೊಡೆ ಮಧ್ಯಮ."

ಈ ಸೂಕ್ಷ್ಮವನ್ನು ಎಲ್ಲರೂ ಮೆಚ್ಚಿದರು. ಮೋಹಿತ ಕೊಪ್ಪದಲ್ಲಿ ಇಳಿಯುವಾಗ ರಂಗಪ್ಪಯ್ಯ ಕಿಟಕಿಯಿಂದ ತಲೆ ಹಾಕಿ ಆಶೀರ್ವದಿಸಿದರು. ಮಾತಿನ ರಭಸದಲ್ಲಿ ಇಳಿಯುವುದನ್ನು ಮರೆತು, ಅದೇ ಬಸ್ಸಿನಲ್ಲಿ ಮಿಕ್ಸಿಯ ಸಮೇತ ಮುಂದಕ್ಕೆ ಹೋದರು.

ಟೆಸ್ಟಿನಲ್ಲಿ ಪೀಟರ್ ಬರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಒಂದು ದ್ವೀಪ ಬಂತು. ಅಲ್ಲಿ ಹಡಗುಗಳು ಬರುವುದು ನಿಂತು ಎಷ್ಟೋ ಕಾಲವಾಗಿದ್ದರೂ ಮುದುಕನೊಬ್ಬ ದಿನವೂ ಸಂಜೆ ದೀಪಸ್ತಂಭದ ದೀಪ ಹಚ್ಚುತ್ತಾನೆ. ಯಾಕೆ? ಒಂದು, ಕರ್ತವ್ಯ. ಎರಡು, ಅಭ್ಯಾಸ. ಮೂರು, ಮೇಲಧಿಕಾರಿಯ ಭಯ. ನಾಲ್ಕು, ಹೇಳಿಲ್ಲ.

ಬೆಳಗಿನ ಮೋಹಿತನಾಗಿದ್ದರೆ ನಾಲ್ಕನೆಯದನ್ನು ಒತ್ತಿ ಮುಂದೆ ಹೋಗುತ್ತಿದ್ದ. ಈಗ ಮುದುಕ ಅವನ ಮುಂದೆಯೇ ಕೂತು ಗಡ್ಡ ನೀವಿಕೊಳ್ಳುತ್ತಿದ್ದ. ಕರ್ತವ್ಯ ಎನ್ನೋಣವೆಂದರೆ, ಸಂಬಳ ಕೊಡುವವರು ಇದ್ದಾರೋ ಇಲ್ಲವೋ. ಅಭ್ಯಾಸವೆಂದರೆ ಮುದುಕನಿಗೆ ಅವಮಾನ. ಅಧಿಕಾರಿಯಾದರೂ ಹಡಗಿಲ್ಲದೆ ದ್ವೀಪಕ್ಕೆ ಬರುವುದು ಹೇಗೆ? ಒಂದೊಂದು ಪಕ್ಷವನ್ನೂ ಎತ್ತಿ, ಖಂಡಿಸಿ, ಸಮಾಧಾನ ಹೇಳಿ, ಕೊನೆಗೆ ಕರ್ತವ್ಯದ ಕಡೆ ಒಲಿದು ಕೈ ಚಾಚುವ ಹೊತ್ತಿಗೆ ಸಮಯ ಮುಗಿದು ಪರದೆ ತಾನಾಗಿಯೇ ಆರಿಹೋಯಿತು. ಉಳಿದ ಪ್ರಶ್ನೆಗಳಲ್ಲಿ ಏನಿತ್ತೆಂಬುದು ಅವನಿಗೆ ಇವತ್ತಿಗೂ ತಿಳಿಯದು.

ಹೊರಗೆ ವರಾಂಡದಲ್ಲಿ ಶರ್ಮಿಳಾ ಮೇಡಂ ಆಗಷ್ಟೇ ಬಂದ ಫಲಿತಾಂಶದ ಹಾಳೆ ಹಿಡಿದು ನಿಂತಿದ್ದರು. "ಮೋಹಿತ್, ಒಂದಕ್ಕೂ ಉತ್ತರ ಹಾಕಿಲ್ಲ. ಏನಾಯ್ತು? ಮೊದಲನೇದು ಎಷ್ಟು ಸುಲಭ ಇತ್ತು. ಹೇಳಿಲ್ಲ ಅಂತ ಒತ್ತಿದ್ರೆ ಆಗ್ತಿತ್ತು."

ಮೋಹಿತನ ಕಣ್ಣ ಮುಂದೆ ಹಲಸಿನ ಮರವೊಂದು ಬೇರುಸಹಿತ ಎದ್ದು ಬಂದು ನಿಂತಿತು. ಹೇಗೂ ಹೋಯಿತು ಎನ್ನುವಾಗ ಬರುವ ಧೈರ್ಯ ಅವನಿಗೆ ಬಂತು.

"ಹೇಳಿಲ್ಲ ಅನ್ನೋಕೆ ಮನಸ್ಸು ಬರಲ್ಲ ಮೇಡಂ," ಎಂದವನು, ತಾನೇ ಮುದುಕನಾಗಿಬಿಟ್ಟ. "ಹಡಗು ಬರಲಿಲ್ಲವೆಂದು ದೀಪವನ್ನು ಆರಿಸಲೇ? ನಾಳೆ ಒಂದು ಬಂದರೆ? ಕತ್ತಲಲ್ಲಿ ಬಂಡೆಗೆ ಬಡಿದವನು ಸಾಯುವಾಗ, ಈ ದ್ವೀಪದಲ್ಲಿ ಒಬ್ಬ ಇದ್ದನಲ್ಲ, ಅವನು ಏನು ಮಾಡುತ್ತಿದ್ದ ಎಂದು ಕೇಳಿದರೆ? ಆಗ ನಾನು ಹೇಳಲೇ, ಬರುತ್ತೀಯೆಂದು ನೀನು ಹೇಳಿರಲಿಲ್ಲವೆಂದು?"

ಪರೀಕ್ಷೆ ಮುಗಿಸಿ ಹೊರಟಿದ್ದ ಹುಡುಗರು ನಿಂತರು. ಮೇಲಿನ ಮಹಡಿಯವರು ಕಂಬಿಯ ಮೇಲಿಂದ ಬಗ್ಗಿ ನೋಡಿದರು. ಗಂಟೆ ಹೊಡೆಯಲು ಬಂದ ಜವಾನ ಕೊಡತಿ ಹಿಡಿದುಕೊಂಡೇ ಕಂಬಕ್ಕೊರಗಿದ. ಮೋಹಿತ ನಿಲ್ಲಿಸುವಾಗ ಶರ್ಮಿಳಾ ಮೇಡಂ ಕರವಸ್ತ್ರ ಹುಡುಕುತ್ತಿದ್ದರು.

ಕಂಪನಿಯಿಂದ ಬಂದಿದ್ದ ಅಧಿಕಾರಿ ತ್ರಿಪುರಸುಂದರಿಯವರು ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದ್ದರು. ಟೀ ಆರಿತ್ತು.

"ನೋಡಿ, ನೀವು ಆಫೀಸಿನ ಕೆಲಸಕ್ಕೆ ಆಗಲ್ಲ," ಎಂದರು. "ಒಂದು ಮೇಲ್ ಓದೋಕೆ ನಿಮಗೆ ಒಂದು ದಿನ ಬೇಕು. ಆದರೆ ನಮಗೆ ಹಳ್ಳಿಹಳ್ಳಿಗೆ ಹೋಗಿ ಬೇಲಿ ಬಗ್ಗೆ ಜನಕ್ಕೆ ತಿಳಿಸಿ ಹೇಳೋರು ಒಬ್ಬರು ಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರು ತಾಲೂಕು. ಸಂಬಳ ಅದೇ. ವಾಹನ, ಉಳಿದ ಸಾಮಾನು ಎಲ್ಲ ಇಲ್ಲೇ ಲೋಕಲ್ಲಾಗಿ ಗೊತ್ತು ಮಾಡ್ತಿದೀವಿ. ವಾಹನದವರ ಕೆಲಸಕ್ಕೂ ನೀವು ಸ್ವಲ್ಪ ಸಹಾಯ ಮಾಡಬೇಕಾಗುತ್ತೆ. ಆಗಬಹುದಾ?"

ವಾಹನ ಎಂದ ಕೂಡಲೇ ಮೋಹಿತನ ತಲೆಯಲ್ಲಿ ಒಂದು ಬಿಳಿ ಕಾರು ಬಂದು ನಿಂತಿತು. ಅದರ ಎ.ಸಿ. ತಣ್ಣಗೆ ಮುಖಕ್ಕೂ ತಾಗಿತು. ಸಹಾಯವೆಂದರೆ, ಶೃಂಗೇರಿಯಾಚೆ ಕಿಗ್ಗದ ಕಡೆ ಎಲ್ಲೋ ಕೆಸರಲ್ಲಿ ಚಕ್ರ ಹೂತರೆ ಇಳಿದು ಒಂದು ಸಲ ತಳ್ಳುವುದು.

"ಆಗಬಹುದು ಮೇಡಂ."

"ಹೇಳಿದ್ದೆಲ್ಲ ಸರಿಯಾಗಿ ಅರ್ಥ ಆಯ್ತಾ ಮೋಹಿತ್?" ಶರ್ಮಿಳಾ ಮೇಡಂ ಕೇಳಿದರು.

"ಪೂರ್ತಿ ಆಯ್ತು ಮೇಡಂ."

ಸಂಜೆ ಜಗಲಿಯಲ್ಲಿ ಹೆಸರುಬೇಳೆ ಪಾಯಸ. ಹಪ್ಪಳದ ಚಾಪೆ ಒಳಗೆ ಸೇರಿತ್ತು. ರಂಗಪ್ಪಯ್ಯ ಶೃಂಗೇರಿಯವರೆಗೆ ಹೋಗಿ, ಅಲ್ಲೇ ಮಿಕ್ಸಿ ರಿಪೇರಿ ಮಾಡಿಸಿಕೊಂಡು ಬಂದು, ಎರಡನೇ ಲೋಟ ಕುಡಿಯುತ್ತಿದ್ದರು. "ನಾ ಹೇಳ್ಲಿಲ್ವನಾ? ಹೇಳಿಲ್ಲ ಅಂತ ಒತ್ತಿದ್ರೆ ಇವತ್ತು ಎಲ್ಲಿರ್ತಿದ್ದೆ ನೀನು?"

"ಫ್ಯಾನಿನ ಕೆಳಗೆ," ಎಂದಳು ಗುಡ್ಡಮ್ಮ.

ಅದೇ ಹೊತ್ತಿಗೆ ಬೈರಪ್ಪನ ಜೀಪು ಬಂದು ನಿಂತಿತು. ಹಾರ್ನುಗಳೆರಡೂ ಜೀಪಿನ ಹಿಂದಿನಿಂದ ಬಾಯಿ ತೆರೆದು ಮೋಹಿತನನ್ನೇ ನೋಡುತ್ತಿದ್ದವು. ಅಂದು ಅವನು ಅವಕ್ಕೆ ಹೆದರಲಿಲ್ಲ.

"ಮಾವ, ನಂಗೆ ಕೆಲ್ಸ ಸಿಕ್ತು. ಮೂರು ತಾಲೂಕು. ನೀ ಇನ್ನು ಬೇರೆ ಯಾರನ್ನಾದ್ರೂ ನೋಡ್ಕ."

"ಒಳ್ಳೇದಾಯ್ತಲ್ಲ ಮಾರಾಯ." ಬೈರಪ್ಪ ನಿಜವಾಗಿಯೂ ಸಂತೋಷಪಟ್ಟು, ತಾನು ತಂದಿದ್ದ ಮೈಸೂರ್‌ಪಾಕಿನ ಪೊಟ್ಟಣ ಅಕ್ಕನ ಕೈಗಿಟ್ಟ. "ನಂದೂ ಇವತ್ತು ಯೋಗ. ಯಾವುದೋ ಬೇಲಿ ಕಂಪನಿಯ ಮೇಡಂ ಫೋನ್ ಮಾಡಿದ್ರು. ಜೀಪು, ಮೈಕು ವರ್ಷಪೂರ್ತಿ ಅವರಿಗೇ. ಊರೂರಿಗೆ ಹೋಗಿ ಭಾಷಣವಂತೆ. ನಾ ಹೇಳ್ದೆ, ಮೇಡಂ, ಎಲ್ಲ ಸರಿ, ಮರಕ್ಕೆ ಹಾರ್ನ್ ಕಟ್ಟಕ್ಕೆ ನನ್ನತ್ರ ಜನ ಇಲ್ಲ ಅಂತ."

ಮೋಹಿತನ ಲೋಟ ತುಟಿಯ ಹತ್ತಿರ ನಿಂತಿತು.

"ಅದಕ್ಕೆಂತ ಅಂದ್ರು?"

"ಅದಕ್ಕೆ ಯೋಚ್ನೆ ಮಾಡಬ್ಯಾಡಿ, ಭಾಷಣ ಮಾಡೋ ಹುಡುಗನೇ ನಿಮಗೆ ಸಹಾಯ ಮಾಡ್ತಾನೆ, ಈಗಷ್ಟೇ ಒಪ್ಕೊಂಡಿದಾನೆ ಅಂದ್ರು. ಆ ಹುಡುಗಂಗೆ ಮರ ಹತ್ತಕ್ಕೆ ಬರ್ತದಾ ಮೇಡಂ ಅಂತನೂ ಕೇಳ್ದೆ."

ವನಜಮ್ಮ ಮಗನ ಮುಖ ನೋಡಿದಳು.

"ಬರ್ತದೆ ಅಂದ್ರಾ?" ಎಂದು ಮೋಹಿತ ಮೆಲ್ಲಗೆ ಕೇಳಿದ.

"ಅದೊಂದು ಹೇಳಿಲ್ಲ," ಎಂದ ಬೈರಪ್ಪ.

ರಂಗಪ್ಪಯ್ಯ ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. "ಹೇಳಿಲ್ಲ ಅಂದ್ರೆ ಅದರ ಒಳಗಿನ ಭಾವ ಎಂತ ಅಂದ್ರೆ..."

"ನೀವು ಸುಮ್ನಿರಿ ಮಾರಾಯ್ರೆ," ಎಂದಳು ಗುಡ್ಡಮ್ಮ. "ಇದಕ್ಕೆ ಯಾರೂ ಅರ್ಥ ಹೇಳೋದು ಬ್ಯಾಡ. ಮಾಣಿಗೆ ಪೂರ್ತಿ ಅರ್ಥ ಆಗಿದೆ."