ತಮ್ಮನ ಕಣ್ಣಿನ ಗುರಿ

ಗಡಿಯಾರ ರಿಪೇರಿಯ ಯಜಮಾನರಿಗೆ (ಅಂಗಡಿಯಲ್ಲಿ ಮಾತ್ರ ಯಜಮಾನರು, ಮನೆಯಲ್ಲಿ ಆ ಹುದ್ದೆ ಎಂದೂ ಖಾಲಿ ಬಿದ್ದಿರಲಿಲ್ಲ) ಐವತ್ತೇಳನೆಯ ವಯಸ್ಸಿನಲ್ಲಿ ಬಿಲ್ವಿದ್ಯೆ ಗಂಟುಬಿತ್ತು. ಮೊದಲು ಗಾಯಗೊಂಡದ್ದು ಹಿತ್ತಿಲಲ್ಲಿ ಒಣಗಹಾಕಿದ್ದ ಹೊದಿಕೆ.

"ರೀ, ಇದು ಮೂರನೇ ತೂತು. ಗುರಿ ಇರೋದು ಆ ಹುಲ್ಲಿನ ಮೂಟೆ ಮೇಲೆ, ಹೊದಿಕೆ ಮೇಲಲ್ಲ," ಎಂದರು ಹೆಂಡತಿ.

"ಗಾಳಿ ಕಣೇ."

"ಒಂದು ಎಲೆ ಅಲ್ಲಾಡ್ತಿಲ್ಲ."

"ಮೇಲ್ಗಡೆ ಗಾಳಿ."

"ನಿಮ್ಮ ಬಾಣ ಮೇಲ್ಗಡೆ ಹೋಗಿದ್ದು ಯಾವಾಗ?"

ಯಜಮಾನರು ಬಾಣ ಕೀಳಲು ಹೋದರು.

ಬಿಲ್ಲು ಅವರ ತಮ್ಮನ ಮನೆಯಿಂದ ಬಂದದ್ದು. ತಮ್ಮ ಬಸ್ ಡ್ರೈವರ್. ವಾರವೆಲ್ಲ ಬಸ್ಸು, ಭಾನುವಾರ ಬಿಲ್ಲಿನ ಮೈದಾನ. "ಅಣ್ಣ, ಒಂದು ಸಲ ಬಾರೋ, ನಿನ್ನ ಕೈ ನಡುಗಲ್ಲ, ನನಗಿಂತ ಚೆನ್ನಾಗಿ ಹೊಡೀತೀಯ," ಎಂದು ಎರಡು ವರ್ಷ ಕರೆದ. ಇವರು ಎರಡು ವರ್ಷ "ಮುಂದಿನ ವಾರ" ಎಂದರು. ನಾಲ್ಕು ತಿಂಗಳ ಹಿಂದೆ ಊಟಕ್ಕೆ ಕೂತ ತಮ್ಮ ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದವನು ಮತ್ತೆ ಏಳಲಿಲ್ಲ. ಹದಿನೈದು ದಿನ ಕಳೆದ ಮೇಲೆ ಅವನ ಹೆಂಡತಿ ಉದ್ದನೆಯ ಚೀಲವೊಂದನ್ನು ತಂದು ಮೇಜಿನ ಮೇಲಿಟ್ಟು, "ಇದು ನಿಮಗೆ ಭಾವ," ಎಂದಷ್ಟೇ ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಟುಹೋದಳು.

ಚೀಲದಲ್ಲಿದ್ದದ್ದು ಬಿಲ್ಲೋ ಸೈಕಲ್ಲೋ ಎಂದು ಮನೆಯಲ್ಲಿ ಚರ್ಚೆಯಾಯಿತು. ಎರಡೂ ತುದಿಗೆ ಗಾಲಿ, ಗಾಲಿಯಿಂದ ಗಾಲಿಗೆ ಹಗ್ಗ. ಎಳೆಯುವಾಗ ಮೊದಲು ಭುಜ ಕಿತ್ತುಬರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಭಾರ ಇಳಿದು ಹಗುರಾಗುತ್ತದೆ. ಹಿಡಿಕೆಯ ಮೇಲೆ ಗುರಿ ನೋಡಲು ಒಂದು ಹಸಿರು ಚುಕ್ಕೆ, ಅದನ್ನು ಸರಿಸಲು ಪುಟ್ಟ ತಿರುಪು. ಜೊತೆಗೆ ಆರು ಬಾಣ.

ಯಜಮಾನರ ಬಾಣಗಳೆಲ್ಲ ಎಡಕ್ಕೇ ಬೀಳುತ್ತಿದ್ದವು. ಬಾಣ ಯಾವ ಕಡೆ ಹೋಗುತ್ತದೋ ಚುಕ್ಕೆಯನ್ನೂ ಅದೇ ಕಡೆಗೆ ಸರಿಸಬೇಕು ಎಂದು ಚೀಲದಲ್ಲಿದ್ದ ಕಾಗದದಲ್ಲಿ ಬರೆದಿತ್ತು. ಸಾಸಿವೆಗಿಂತ ಸಣ್ಣ ತಿರುಪುಗಳನ್ನು ದಿನಕ್ಕೆ ನೂರು ತಿರುಗಿಸುವ ಕೈಗೆ ಇದು ಯಾವ ಲೆಕ್ಕ? ಆದರೆ ಆ ತಿರುಪಿನ ಹತ್ತಿರ ಕೈ ಹೋಗಲಿಲ್ಲ.

"ಅದು ಅವನ ಕಣ್ಣಿಗೆ ಕೂಡಿಸಿದ್ದು ಕಣೇ. ಅವನು ನೋಡ್ತಿದ್ದ ಜಾಗ ಇನ್ನೂ ಹಾಗೇ ಇದೆ. ನಾನು ತಿರುಗಿಸಿದರೆ ಅದೂ ಹೋಯ್ತು."

ಹೆಂಡತಿ ಹೊದಿಕೆಯನ್ನು ಬೇರೆ ಕಡೆ ಒಣಗಹಾಕಿದರು.

ಒಂದು ತಿಂಗಳು ಹೀಗೇ ನಡೆದು, ಕೊನೆಗೆ ಒಂದು ಬೆಳಿಗ್ಗೆ ಹೆಂಡತಿಯೇ ಬಂದು ಪಕ್ಕದಲ್ಲಿ ನಿಂತರು. "ನಿಮ್ಮ ತಮ್ಮ ಇದ್ದಿದ್ರೆ, 'ಅಣ್ಣ, ನಿನ್ನ ಕಣ್ಣಲ್ಲಿ ನೋಡೋ' ಅಂತಿದ್ರು. ತಿರುಗಿಸಿ. ನಾನಿದ್ದೀನಿ."

ಯಜಮಾನರು ತಿರುಗಿಸಿದರು. ಕೂದಲೆಳೆಯಷ್ಟು, ಮತ್ತೊಂದಿಷ್ಟು. ಆಮೇಲೆ ಮೂಟೆಯ ಹಿಂದೆ ಹೋಗಿ ಬಾಣ ಹುಡುಕುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಕೊಂಡಿದ್ದರು. (ಬಾಣಗಳೆಲ್ಲ ಈಚೆಯೇ ಇದ್ದವು.)

ಹತ್ತು ದಿನದಲ್ಲಿ ಬಾಣಗಳು ಗುಂಪುಕಟ್ಟತೊಡಗಿದವು. ಒಂದು ಭಾನುವಾರ ಮೊದಲ ಬಾಣ ನಟ್ಟನಡುವೆ ನಾಟಿತು. ಎರಡನೆಯದು ಟಪ್ ಎಂದು ಅದರ ಬಾಲಕ್ಕೇ ಹೊಕ್ಕು, ಉದ್ದಕ್ಕೂ ಸೀಳಿ ನಿಂತಿತು.

"ನೋಡೇ, ಬಾರೇ," ಎಂದು ಕರೆದವರು, ಹೆಂಡತಿ ಬರುವಷ್ಟರಲ್ಲಿ ನೆಲದ ಮೇಲೆ ಕೂತುಬಿಟ್ಟಿದ್ದರು. "ಅವನ ಆರರಲ್ಲಿ ಒಂದು ಹೋಯ್ತು."

"ಗುರಿ ತಪ್ಪಿದರೆ ನನ್ನ ಹೊದಿಕೆ, ತಪ್ಪದಿದ್ದರೆ ಅವರ ಬಾಣ. ಒಟ್ಟಿನಲ್ಲಿ ನೀವು ಏನಾದರೂ ಒಂದು ಹಾಳು ಮಾಡ್ಲೇಬೇಕು."

ಮುಂದಿನ ವಾರ ಇನ್ನೊಂದು ಸೀಳಿತು. ವಿದ್ಯೆ ಏರುತ್ತಿತ್ತು, ತಮ್ಮ ಕರಗುತ್ತಿದ್ದ. ಆ ಮಧ್ಯಾಹ್ನವೇ ತಮ್ಮನ ಹೆಂಡತಿ ಬಂದಳು. ಯಜಮಾನರು ತಪ್ಪು ಮಾಡಿದ ಮಗುವಿನ ಹಾಗೆ ಸೀಳಿದ ಎರಡೂ ಬಾಣಗಳನ್ನು ಅವಳ ಮುಂದಿಟ್ಟರು.

"ಕ್ಷಮಿಸಮ್ಮ. ಅವನ ಬಾಣ ಮುರಿದೆ. ಅವನು ಕೂಡಿಸಿದ್ದ ಗುರಿಯನ್ನೂ ಸರಿಸಿಬಿಟ್ಟೆ."

ಅವಳು ಅರ್ಥವಾಗದೆ ಯಜಮಾನರ ಹೆಂಡತಿಯ ಮುಖ ನೋಡಿದಳು. "ಯಾವ ಗುರಿ ಭಾವ? ಇದು ಅವರ ಬಿಲ್ಲಲ್ಲ. ನೀವು ಬರ್ತೀರಿ ಅಂತ ನಿಮಗೇ ತಂದಿಟ್ಟಿದ್ದು. ಗುರಿ ಕೂಡಿಸಿರಲೇ ಇಲ್ಲ. 'ಅಣ್ಣ ಬಂದು ನಿಂತ ಮೇಲೆ ಅವನ ಕಣ್ಣಿಗೆ ಕೂಡಿಸೋಣ' ಅಂತಿದ್ರು."

ತಿಂಗಳಿಡೀ ತಾವು ತಲೆಬಾಗಿ ಕಾಯ್ದದ್ದು ಯಾವುದೋ ಕಾರ್ಖಾನೆಯವರು ಹೇಗೋ ಬಿಗಿದು ಕಳಿಸಿದ್ದ ತಿರುಪನ್ನು ಎಂದು ತಿಳಿಯಲು ಯಜಮಾನರಿಗೆ ಒಂದು ಗಳಿಗೆ ಹಿಡಿಯಿತು. ಹೆಂಡತಿ ಚಹಾಕ್ಕೆ ನೀರಿಡಲು ಹೋದರು.

"ಹಾಗಾದರೆ ಅವನದು?"

"ನಮ್ಮನೇಲಿದೆ."

"ಒಂದು ಸಲ ತರ್ತೀಯಾ ತಾಯಿ? ಮುಟ್ಟಲ್ಲ. ಅವನು ಕೂಡಿಸಿದ ಗುರಿಯನ್ನ ಒಂದು ಸಲ ನೋಡಿಬಿಡ್ತೀನಿ."

ಅವಳು ಒಂದು ಸೀಳುಬಾಣವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. "ಆ ಗುರಿ ಈಗ ಇಲ್ಲ ಭಾವ. ಮೂರು ತಿಂಗಳಿಂದ ಆ ಬಿಲ್ಲಲ್ಲಿ ನಾನು ಹೊಡೀತಿದ್ದೀನಿ. ನನ್ನ ಕೈಗೆ ಎಳೆಯೋಕಾಗೋ ಹಾಗೆ ಮೈದಾನದೋರು ಭಾರ ಇಳಿಸಿಕೊಟ್ರು. ಚುಕ್ಕೆ ನಾನೇ ಸರಿಸಿಕೊಂಡೆ."

"ಅಳು ಬರಲಿಲ್ವಾ?"

"ಬಂತು. ಕಣ್ಣು ಮಂಜಾಗಿ ಮೊದಲನೇ ಬಾಣ ಪಕ್ಕದೋರ ಗುರಿಗೆ ಹೋಯ್ತು. ಅವರಿಗೆ ಹತ್ತು ಅಂಕ ಬಂತು."

ಯಜಮಾನರು ನಗಲು ಹೊರಟರು. ನಗು ಅರ್ಧದಾರಿಯಲ್ಲೇ ಅಳುವಾಯಿತು. ಅವಳು ಅದು ನಿಲ್ಲುವವರೆಗೂ ಕಾದು ಕೇಳಿದಳು:

"ಈ ಭಾನುವಾರ ಬರ್ತೀರಾ ಭಾವ?"